ಸೋಲುವ ತಂಡಕ್ಕೊಂದು ಬೂದುಗುಂಬಳಕಾಯಿ

ಕೋಪವು ಮನುಷ್ಯನ ಒಳಗಿನ ಶತ್ರುಗಳಲ್ಲೊಂದು ಎಂದು ಕಲಿಸಿದ ಗುರುಗಳ ಮುಂದೆ ಕುಳಿತು ಓದಿದವನು ನಾನು. ಮೈಸೂರಿನ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತೆ, ಮುಂದೆ ಬಹುಕಾಲ ಅದನ್ನೇ ಮಕ್ಕಳಿಗೆ ಹೇಳಿಕೊಟ್ಟೆ. ಸಂಧ್ಯಾವಂದನೆಯನ್ನು ಬಿಟ್ಟವನಲ್ಲ. ವಯಸ್ಸು ಎಪ್ಪತ್ತು ದಾಟಿದ ಮೇಲೆ ಯಾರ ಮೇಲೂ ದನಿ ಎತ್ತಿದ ನೆನಪಿಲ್ಲ. ಆದರೂ ಒಂದು ನವರಾತ್ರಿಯ ಕೋಪವನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ. ಬಿಡುವ ಮನಸ್ಸೂ ಇಲ್ಲ. ಅದು ಹುಟ್ಟಿದ್ದು ಬೇಸ್‌ಬಾಲ್ ಆಟದಿಂದ ಎಂದು ತಿಳಿದರೆ ನನ್ನ ಗುರುಗಳು ನಗುತ್ತಿದ್ದರೋ ಏನೋ. ಪೂರ್ತಿ ಕೇಳಿದ ಮೇಲೆ ನಗುತ್ತಿರಲಿಲ್ಲ.

ನನ್ನ ಮಗಳು ಮದುವೆಯಾಗಿ ನೆಲೆಸಿದ್ದು ಸ್ಯಾನ್ ಡಿಯಾಗೋದಲ್ಲಿ. ಅಳಿಯ ಅಲ್ಲಿನ ಟೆಲಿಕಾಂ ಕಂಪನಿಯೊಂದರಲ್ಲಿ ಇಂಜಿನಿಯರ್. ಆ ಊರಿನ ಬೇಸ್‌ಬಾಲ್ ತಂಡವೆಂದರೆ ಅವನಿಗೆ ಪ್ರಾಣ. ಆ ತಂಡವೋ, ಹುಟ್ಟಿದಾಗಿನಿಂದ ಒಮ್ಮೆಯೂ ಕೊನೆಯ ಕಪ್ಪನ್ನು ಮುಟ್ಟಿದ್ದಲ್ಲ. ಪಕ್ಕದ ಲಾಸ್ ಏಂಜಲೀಸಿನ ತಂಡದ ಎದುರು ಬಂದಾಗಲಂತೂ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚು. ಅಳಿಯ ಇದಕ್ಕೆ ಬೇಸರಿಸಿದವನಲ್ಲ. ಆ ಊರಿನಲ್ಲೇ ನೆಲೆಸಿದ್ದ ಬೆಂಗಳೂರಿನ ಗೆಳೆಯನೊಬ್ಬನ ಮನೆಯಲ್ಲಿ, ಕಿಟಕಿಯ ಪಕ್ಕದ ಕಂದು ಬಣ್ಣದ ಒರಗುಕುರ್ಚಿಯಲ್ಲಿ ಕುಳಿತು, ಪ್ರತಿ ವರ್ಷವೂ ಅವರು ಸೋಲುವುದನ್ನು ಸಂತೋಷದಿಂದ ನೋಡುತ್ತಿದ್ದ. ಮಗಳು ಅವನಿಂದ ಆಟವನ್ನು ಕಲಿತು, ಅವನಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಳು.

ಕೊರೋನಾದ ಆ ಕೆಟ್ಟ ಚಳಿಗಾಲದಲ್ಲಿ ಅಳಿಯ ತೀರಿಕೊಂಡ. ಆಸ್ಪತ್ರೆಯೊಳಗೆ ಯಾರನ್ನೂ ಬಿಡದ ಕಾಲ ಅದು. ಮಗಳು ಕಾರಿನಲ್ಲಿ ಕರೆದೊಯ್ದು ಬಾಗಿಲಲ್ಲಿ ಇಳಿಸಿದಳು. ಗಾಲಿಕುರ್ಚಿಯಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋದರು. ಅವಳು ಮತ್ತೆ ಅವನನ್ನು ಕಂಡಿದ್ದು ಫೋನಿನ ಪರದೆಯ ಮೇಲೆ ಮಾತ್ರ. ವಿಮಾನಗಳು ಮತ್ತೆ ಹಾರಲು ಶುರುವಾದ ಮೇಲೆ ನಾನು ಬಂದೆ. ಅಷ್ಟರಲ್ಲಿ ಅವಳು ಆ ಮನೆಯನ್ನು ಬಿಟ್ಟು, ಆಸ್ಪತ್ರೆಯ ಲ್ಯಾಬೊಂದರಲ್ಲಿ ಕೆಲಸ ಹಿಡಿದು, ಲಾಸ್ ಏಂಜಲೀಸಿನ ಮಗ್ಗುಲಿನ ಸೆರಿಟೋಸ್‌ಗೆ ಬಂದಿದ್ದಳು. ಸುತ್ತಲೂ ಲಾಸ್ ಏಂಜಲೀಸ್ ತಂಡದ ನೀಲಿ ಟೋಪಿಯವರು. ನಮ್ಮ ಮನೆಯಲ್ಲಿ ಮಾತ್ರ ಸ್ಯಾನ್ ಡಿಯಾಗೋದ ಕಂದು ಟೋಪಿ.

ದೊಡ್ಡ ಪಂದ್ಯವಿದ್ದ ದಿನ ಅವಳು ನನ್ನನ್ನು ಕೂರಿಸಿಕೊಂಡು ಎರಡು ಗಂಟೆ ಡ್ರೈವ್ ಮಾಡಿ ಸ್ಯಾನ್ ಡಿಯಾಗೋದ ಆ ಗೆಳೆಯನ ಮನೆಗೆ ಹೋಗುತ್ತಿದ್ದಳು. ಆ ಕುರ್ಚಿಯನ್ನು ಅವರು ಎತ್ತಿಟ್ಟಿರಲಿಲ್ಲ. ಅವಳು ಬಂದರೆ ಅದು ಅವಳದು. ಅದರಲ್ಲಿ ಕಾಲು ಮಡಿಸಿ ಕುಳಿತು ಅವಳು ನನಗೆ ಆಟದ ಸೂಕ್ಷ್ಮಗಳನ್ನು ವಿವರಿಸುವಾಗ ಅವಳ ಮುಖದಲ್ಲಿ ಬೇರೆಲ್ಲಿಯೂ ಕಾಣದ ನೆಮ್ಮದಿ ಇರುತ್ತಿತ್ತು. ನನಗೂ ಆ ಆಟ ಹಿಡಿಸಿತು. ಅದು ಇಷ್ಟೇ ಹೊತ್ತು ನಡೆಯಬೇಕೆಂಬ ಲೆಕ್ಕವಿಲ್ಲ. ಮುಗಿಯಬೇಕಾದಾಗ ಮುಗಿಯುತ್ತದೆ. ಒಬ್ಬ ಚೆಂಡೆಸೆಯುವ ಮುನ್ನ ನಿಂತು ಯೋಚಿಸುತ್ತಾನೆ, ಯಾರೂ ಗದರುವುದಿಲ್ಲ.

ಆ ಮನೆಯಲ್ಲಿ ಕೂಡುತ್ತಿದ್ದವರೆಲ್ಲ ಓದಿದವರು. ಆದರೆ ಪಂದ್ಯ ಶುರುವಾದರೆ ಅವರ ಆಚಾರಗಳು ನನ್ನ ಪಾಠಶಾಲೆಯ ಆಚಾರಗಳನ್ನೂ ಮೀರಿಸುತ್ತಿದ್ದವು. ತಂಡ ಗೆದ್ದ ದಿನ ತೊಟ್ಟಿದ್ದ ಅಂಗಿಯನ್ನು ಸೋಲುವವರೆಗೆ ಒಗೆಯುವಂತಿಲ್ಲ; ನಮ್ಮ ಮಡಿಯನ್ನು ತಲೆಕೆಳಗಾಗಿ ನಿಲ್ಲಿಸಿದಂತೆ. ಗೆದ್ದಾಗ ಬಿಸಿಬೇಳೆಬಾತ್ ಇದ್ದರೆ ಮುಂದಿನ ಪಂದ್ಯಕ್ಕೂ ಅದೇ ಬಿಸಿಬೇಳೆಬಾತ್. ನಮ್ಮವರು ರನ್ ಹೊಡೆಯುವಾಗ ಯಾರಾದರೂ ಬಚ್ಚಲಿನಲ್ಲಿದ್ದರೆ ಅವರು ಅಲ್ಲೇ ಇರಬೇಕು. ಇವನ್ನೆಲ್ಲ ನೋಡಿ ನಾನೂ ನಗುತ್ತಿದ್ದೆ. ಮನೆಯ ಯಜಮಾನ ಒಮ್ಮೆ ನನ್ನ ಪಕ್ಕದಲ್ಲಿ ಕುಳಿತು ಹೇಳಿದ:

“ಅಂಕಲ್, ಈ ಟೀಮಿಗೆ ಏನೋ ಶಾಪ ಇದೆ. ನೀವು ತಿಳಿದೋರು, ಏನಾದ್ರೂ ಪರಿಹಾರ ಹೇಳಿ.”

“ಶಾಪ ಸುಮ್ನೆ ಬರೋದಲ್ಲಪ್ಪ,” ಎಂದೆ. “ಕೊಡೋರು ಒಬ್ರು ಬೇಕು. ಅವರಿಗೆ ಅನ್ಯಾಯ ಆಗಿರ್ಬೇಕು. ಅಂಗೈಯಲ್ಲಿ ನೀರು ತಗೊಂಡು, ಸಿಟ್ಟಿನಿಂದ ಮಾತಾಡಿರ್ಬೇಕು. ನಿಮ್ಮ ಟೀಮು ಯಾವ ಋಷಿಯ ಜಡೆ ಎಳೀತು?”

“ಲಾಸ್ ಏಂಜಲೀಸ್ ಕಡೆಯೋರೇ ಇರ್ಬೇಕು ಅಂಕಲ್. ಋಷಿಗಳ ಥರ ಕಾಣಲ್ಲ, ಆದ್ರೆ ಗಡ್ಡ ಇದೆ.”

ಎಲ್ಲರೂ ನಕ್ಕರು. ಕುರ್ಚಿಯಲ್ಲಿದ್ದ ನನ್ನ ಮಗಳೂ ನಕ್ಕಳು. ಒಬ್ಬನು ತನ್ನ ಟೋಪಿಯನ್ನು ತಿರುವಿ ಹಾಕಿಕೊಂಡರೆ ಅದರಿಂದ ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಆ ನಂಬಿಕೆ ಟೋಪಿಯಲ್ಲಿಯೇ ನಿಲ್ಲುವುದಿಲ್ಲ. ಟೋಪಿ ಕೆಲಸ ಮಾಡದಿದ್ದಾಗ, ಬಿಸಿಬೇಳೆಬಾತ್ ಕೆಲಸ ಮಾಡದಿದ್ದಾಗ, ಅದು ಕೋಣೆಯೊಳಗೆ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡತೊಡಗುತ್ತದೆ.

ಆ ವರ್ಷ ಅಕ್ಟೋಬರಿನಲ್ಲಿ ನವರಾತ್ರಿಯೂ ಈ ಪಂದ್ಯಗಳೂ ಒಟ್ಟಿಗೆ ಬಂದವು. ಎದುರಾಳಿ ಲಾಸ್ ಏಂಜಲೀಸ್ ತಂಡವೇ. ಐದರಲ್ಲಿ ಮೂರು ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಶನಿವಾರ ನಾವಿಬ್ಬರೂ ಹೋದೆವು, ನಮ್ಮವರು ಸೋತರು. ಹೊರಡುವಾಗ ಯಜಮಾನ ಬಾಗಿಲಲ್ಲಿ ನಿಂತು, “ಅಕ್ಕಾ, ನೀವು ಬಂದಾಗ್ಲೆಲ್ಲ ಏನೋ ಎಡವಟ್ಟಾಗುತ್ತೆ ನೋಡಿ,” ಎಂದು ನಕ್ಕ. ಭಾನುವಾರವೂ ಮಂಗಳವಾರವೂ ಮಗಳಿಗೆ ಲ್ಯಾಬಿನಲ್ಲಿ ಡ್ಯೂಟಿ ಇತ್ತು, ಹೋಗಲಾಗಲಿಲ್ಲ. ಎರಡೂ ದಿನ ನಮ್ಮವರು ಗೆದ್ದರು. ಇನ್ನೊಂದು ಗೆದ್ದರೆ ಸಾಕು. ಬುಧವಾರಕ್ಕೆ ಅವಳು ರಜೆ ಹಾಕಿ ಸಿದ್ಧವಾಗಿದ್ದಳು.

ಮಂಗಳವಾರ ರಾತ್ರಿ ಪಂದ್ಯ ಮುಗಿದ ಮೇಲೆ ಆ ಮನೆಯಾಕೆ ಫೋನ್ ಮಾಡಿದಳು. ಧಾರವಾಡದ ಕಡೆಯ ಹೆಣ್ಣುಮಗಳು, ಮನಸ್ಸು ಮೃದು, ಎಲ್ಲರಿಗೂ ಉಣಬಡಿಸುವವಳು. ಮಗಳು ಪಲ್ಯಕ್ಕೆ ಹೆಚ್ಚುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಳು.

“ಅಕ್ಕಾರ, ಒಂದ ಮಾತ ಹೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಬರೇ ಮಸ್ಕಿರಿ ಅದು. ಶನಿವಾರ ನೀವು ಬಂದಿದ್ರಿ, ಸೋತ್ರು. ನೀವು ಬರದಿದ್ದ ಎರಡೂ ದಿನ ಗೆದ್ರು. ನಮ್ಮ ಮನಿಯವ್ರು ಮತ್ತ ಎಲ್ಲಾರೂ ಏನಂತಾರಂದ್ರ, ನಾಳಿ ಒಂದ ದಿನ ನೀವು ಅಲ್ಲೇ ಮನ್ಯಾಗ ಆರಾಮ ಕೂತ ನೋಡ್ರಿ ಅಂತ.”

ಚಾಕು ಒಂದು ಕ್ಷಣ ನಿಂತಿತು. “ಅದಕ್ಕೇನಂತೆ,” ಎಂದಳು ಮಗಳು. “ಎರಡು ಗಂಟೆ ಟ್ರಾಫಿಕ್ ತಪ್ಪಿತು ಬಿಡಿ.”

“ಸಿಟ್ಟಾಗಿಲ್ಲ ಹೌದಿಲ್ಲೋ?”

“ಇಲ್ಲಪ್ಪ, ಸಿಟ್ಟು ಯಾಕೆ.”

ನನಗೆ ಸಿಟ್ಟು ಬಂದಿತ್ತು. ಆದರೆ ಅವಳು ನಗುತ್ತ ಹೇಳಿದ್ದನ್ನು ನಾನು ಕೆದಕಲಿಲ್ಲ. ಬುಧವಾರ ನಾವಿಬ್ಬರೇ ಮನೆಯಲ್ಲಿ ಕುಳಿತು ನೋಡಿದೆವು. ನಮ್ಮವರು ಹೀನಾಯವಾಗಿ ಸೋತರು; ಒಂದು ರನ್ನೂ ಹೊಡೆಯಲಿಲ್ಲ. ಅಲ್ಲಿಗೆ ಆ ಮೂಢತನ ತಾನಾಗಿ ಸತ್ತಿತು ಎಂದು ನಾನು ತಿಳಿದೆ. ಅವಳು ಹೋಗಿರಲಿಲ್ಲ, ತಂಡ ಸೋತಿತ್ತು. ತರ್ಕಶಾಸ್ತ್ರ ಓದಿದವನಿಗೆ ಅಷ್ಟು ಸಾಕು.

ಮೂಢತನಕ್ಕೆ ಅಷ್ಟು ಸಾಲದು ಎಂದು ತಿಳಿದದ್ದು ಗುರುವಾರ ಬೆಳಿಗ್ಗೆ, ಮತ್ತೆ ಅದೇ ಫೋನು ಬಂದಾಗ.

“ಅಕ್ಕಾರ, ನಿನ್ನಿ ನೀವು ಮನ್ಯಾಗ ಟೀವಿ ಹಚ್ಚಿದ್ರೇನ್ರಿ?”

“ಹೂಂ, ನೋಡಿದ್ವಿ. ಯಾಕೆ?”

ಆಕೆ ಅದನ್ನು ಅಲ್ಲಿದ್ದವರಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಹಿಂದಿನಿಂದ ಯಜಮಾನನ ದನಿ: “ನಾನು ಹೇಳಿರ್ಲಿಲ್ವಾ.” ಯಾರೋ ನಕ್ಕರು.

“ನೀವು ಸುಮ್ಮನಿರ್ರಿ,” ಎಂದು ಅವನನ್ನು ಗದರಿ ಆಕೆ ಮುಂದುವರಿಸಿದಳು. “ನಾಳಿ ಆಯುಧಪೂಜಿ ಅಲ್ರಿ. ಕಡೀ ಮ್ಯಾಚೂ ನಾಳೇನ. ಕಾಕಾರು ಬಂದು ಪೂಜಿ ಮಾಡಿಸ್ಲಿ ಅಂತ ಇವರ ಆಸೆ. ಬ್ಯಾಟು, ಟೋಪಿ ಎಲ್ಲಾ ಗೊಂಬಿ ಮುಂದ ಇಟ್ಟೀವಿ. ಕಲ್ವರ್ ಸಿಟಿಯವ್ರು ಬರೋವಾಗ ಕಾಕಾರನ್ನ ಕರಕೊಂಡ ಬರ್ತಾರ. ಆರ್ಟೀಷಿಯಾದ ಇಂಡಿಯನ್ ಅಂಗಡ್ಯಾಗ ಒಂದ ದೊಡ್ಡ ಬೂದಗುಂಬಳಕಾಯಿ ತರಾಕ ಹೇಳ್ರಿ, ದೃಷ್ಟಿ ತಗದು ಒಡಿಯೂನು. ನೀವು ಮಾತ್ರ ನಾಳಿ ಟೀವಿ ಹಚ್ಚಬ್ಯಾಡ್ರಿ, ಆತೇನ್ರಿ? ಫೋನ್ಯಾಗೂ ಸ್ಕೋರ್ ನೋಡಬ್ಯಾಡ್ರಿ.”

ಕಲ್ವರ್ ಸಿಟಿಯವನೆಂದರೆ ಅದೇ ಗುಂಪಿನ, ನಮ್ಮಂತೆ ಲಾಸ್ ಏಂಜಲೀಸ್ ಕಡೆಯಿಂದ ಬರುತ್ತಿದ್ದ ಇನ್ನೊಬ್ಬ ಇಂಜಿನಿಯರ್. ಮಗಳು “ಸರಿ” ಎಂದು ಫೋನ್ ಇಟ್ಟಳು. ನನ್ನ ಮಂತ್ರ ಅವರಿಗೆ ಬೇಕು, ನನ್ನ ಮಗಳು ಬೇಡ. ನನ್ನ ಮೈ ಬಿಸಿಯಾಗಿದ್ದು ಆಗ.

ಆದರೆ ಅದಕ್ಕಿಂತ ದೊಡ್ಡದು ಸಂಜೆಗೆ ಕಾದಿತ್ತು. ಕೆಲಸದಿಂದ ಬಂದವಳು ಟೀವಿಯ ರಿಮೋಟನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಡ್ರಾಯರಿನಲ್ಲಿ, ಚಮಚಗಳ ನಡುವೆ ಇಟ್ಟಳು.

“ಯಾಕಮ್ಮ ಅಲ್ಲಿಟ್ಟೆ?”

“ಸುಮ್ನೆ ಅಪ್ಪ. ಒಂದು ದಿನ ನೋಡ್ದೇ ಇದ್ರೆ ಏನು ಹೋಗುತ್ತೆ.”

“ನೀನು ಇದನ್ನ ನಂಬ್ತೀಯಾ?”

“ನಂಬಲ್ಲ. ದಿನಾ ರಕ್ತ ಪರೀಕ್ಷೆ ಮಾಡೋಳು ನಾನು, ಇದನ್ನೆಲ್ಲ ನಂಬ್ತೀನಾ?” ಎಂದಳು. ಡ್ರಾಯರನ್ನು ಮುಚ್ಚಿದಳು. ಅದರ ಹಿಡಿಯಿಂದ ಕೈ ತೆಗೆಯಲಿಲ್ಲ. “ಆದ್ರೆ ಅವರನ್ನ ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಬಂದೋಳು ನಾನೇ ಅಲ್ವಾ ಅಪ್ಪ. ಸಂಜೆ ಫೋನ್ ಮಾಡ್ತೀನಿ ಅಂದಿದ್ರು. ಒಂದೊಂದ್ಸಲ ಅನ್ಸುತ್ತೆ, ಬೇರೆ ಯಾರಾದ್ರೂ ಕರ್ಕೊಂಡು ಹೋಗಿದ್ರೆ…”

ಮಾತನ್ನು ಮುಗಿಸದೆ ಅನ್ನಕ್ಕೆ ಇಡಲು ಹೋದಳು.

ನನ್ನ ಸೋದರತ್ತೆಯೊಬ್ಬಳು ನಮ್ಮ ಮನೆಯಲ್ಲಿದ್ದಳು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳು. ನನಗೆ ಮೊದಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವಳು ಅವಳೇ. ಅವಳ ಉಚ್ಚಾರಣೆಯಷ್ಟು ಶುದ್ಧವಾದದ್ದನ್ನು ಪಾಠಶಾಲೆಯಲ್ಲಿಯೂ ನಾನು ಕೇಳಲಿಲ್ಲ. ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಅವಳು ಹಿಂದಿನ ಕೋಣೆಯಲ್ಲಿ ನಿಂತು ಮೆಲ್ಲಗೆ ಕೆಮ್ಮುತ್ತಿದ್ದಳು. ನಾನಿಲ್ಲಿದ್ದೇನೆ, ಎದುರಿಗೆ ಬರುವುದಿಲ್ಲ, ನಿಶ್ಚಿಂತೆಯಿಂದ ಹೊರಡಿ ಎಂದು ಅದರ ಅರ್ಥ. ಹಾಗೆ ಕೆಮ್ಮಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಎಲ್ಲರೂ ಸೇರಿ ಅವಳಿಗೆ ಹಾಗೆ ಅನಿಸುವಂತೆ ಮಾಡಿದ್ದರು. ಉಳಿದದ್ದನ್ನು ಅವಳೇ ಮಾಡಿಕೊಂಡಳು. ನಾನು ಪರೀಕ್ಷೆಗೆ ಹೊರಟ ದಿನವೂ ಅವಳು ಕೆಮ್ಮಿದ್ದಳು. ಕಲಿಸಿದವಳೇ ಕೋಣೆಯೊಳಗೆ ಅಡಗಿ ನಿಂತು.

ಆ ಕೆಮ್ಮನ್ನು ನಾನು ಸೆರಿಟೋಸಿನ ಅಡುಗೆಮನೆಯಲ್ಲಿ ಮತ್ತೆ ಕೇಳಿದೆ. ಚಮಚಗಳ ನಡುವೆ ರಿಮೋಟು ಬಿದ್ದ ಸದ್ದು ಅದು.

ಅವರು ಇದನ್ನು ತಮಾಷೆ ಎನ್ನುತ್ತಾರೆ. ಊರಿನಲ್ಲಿ ಯಾರಾದರೂ ಅವಳನ್ನು ಅಪಶಕುನ ಎಂದಿದ್ದರೆ ಇದೇ ಜನ ಎದ್ದು ನಿಂತು ಪ್ರತಿಭಟಿಸುತ್ತಿದ್ದರು, ಕಾಲ ಎಷ್ಟು ಮುಂದೆ ಹೋಗಿದೆ ಎಂದು ಭಾಷಣ ಮಾಡುತ್ತಿದ್ದರು. ಅದನ್ನೇ ಇಂಗ್ಲಿಷಿನಲ್ಲಿ ‘ಜಿಂಕ್ಸ್’ ಎಂದರೆ, ಟೀವಿಯ ಮುಂದೆ ಚಿಪ್ಸ್ ತಿನ್ನುತ್ತ ಹೇಳಿದರೆ, ಅದು ಆಟದ ಭಾಗವಾಗಿಬಿಡುತ್ತದೆ. ಇದರಲ್ಲಿ ದೈವಭಕ್ತಿಯ ಲೇಶವೂ ಇಲ್ಲ. ದೇವರನ್ನು ನಂಬಿದವನು ಸೋಲನ್ನೂ ಅವನ ಕೈಯಿಂದಲೇ ತೆಗೆದುಕೊಳ್ಳುತ್ತಾನೆ. ಸೋಲಿಗೆ ಹೊಣೆಯಾಗಲು ಮೂಲೆಯಲ್ಲಿ ಕುಳಿತ ಒಬ್ಬ ಹೆಂಗಸನ್ನು ಹುಡುಕುವುದಿಲ್ಲ.

ಆ ರಾತ್ರಿ ಕಲ್ವರ್ ಸಿಟಿಯವನಿಗೆ ನಾನೇ ಫೋನ್ ಮಾಡಿದೆ. ನಿಮಗೆ ತೊಂದರೆ ಬೇಡ, ಮಗಳೇ ಕರೆತರುತ್ತಾಳೆ ಎಂದೆ. ಅವನು ‘ಓ’ ಎಂದು ಫೋನ್ ಇಟ್ಟ.

ಶುಕ್ರವಾರ ಮಗಳನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ನನ್ನನ್ನು ಬಿಟ್ಟು ಬರುತ್ತೇನೆ, ಪಂದ್ಯ ಮುಗಿಯುವವರೆಗೆ ಸಮುದ್ರದ ಕಡೆ ಎಲ್ಲಾದರೂ ಕುಳಿತಿರುತ್ತೇನೆ ಎಂದಳು. ಆರ್ಟೀಷಿಯಾದ ಅಂಗಡಿಯಲ್ಲಿ ಬೂದುಗುಂಬಳಕಾಯಿ ಕೊಂಡೆವು. ಬಿಳಿಬೂದಿ ಮೆತ್ತಿದ, ಎರಡು ಕೈಯಲ್ಲೂ ಹಿಡಿಯಲಾಗದ ಕಾಯಿ. ಉರುಳಬಾರದೆಂದು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದಳು. ಫ್ರೀವೇ ಸಮುದ್ರದ ಬದಿಗೆ ಬಂದ ಮೇಲೆ ಅವಳೇ ಮಾತು ತೆಗೆದಳು.

“ಅಪ್ಪ, ನನ್ನನ್ನ ಅಲ್ಲಿ ನಿಲ್ಲಿಸಿ ಅವರಿಗೆ ಪಾಠ ಹೇಳೋಕೆ ಹೋಗ್ಬೇಡಿ. ನಾನು ನಿಮ್ಮ ಕ್ಲಾಸಿನ ಬೋರ್ಡಲ್ಲ.”

“ಪಾಠ ಹೇಳಲ್ಲ. ನಿನ್ನ ಕುರ್ಚಿಯಲ್ಲಿ ಕೂತು ಆಟ ನೋಡು. ನಾನು ಕೇಳೋದು ಅಷ್ಟೇ.”

“ಸೋತ್ರೆ?”

“ಸೋಲ್ಲಿ.”

“ಸುಲಭವಾಗಿ ಹೇಳ್ಬಿಟ್ರಿ,” ಎಂದಳು. “ನನಗೆ ಅವರು ಗೆಲ್ಲಬೇಕು ಅಪ್ಪ. ಅದು ನಿಮಗೆ ಅರ್ಥ ಆಗಲ್ಲ.”

ಅರ್ಥವಾಗಿತ್ತು. ಅದಕ್ಕೇ ನನ್ನ ಕೋಪ ಇನ್ನೂ ಹೆಚ್ಚಾಯಿತು. ಗಂಡನ ತಂಡ ಗೆಲ್ಲಲಿ ಎಂದು ಅವಳಷ್ಟು ಬಯಸಿದವರು ಆ ಗುಂಪಿನಲ್ಲಿ ಇನ್ನಾರಿದ್ದರು? ಅದನ್ನು ಬಯಸುವ ಹಕ್ಕನ್ನೇ ಅವರು ಕಿತ್ತುಕೊಂಡಿದ್ದರು.

ಬಾಗಿಲು ತೆರೆದ ಯಜಮಾನ ನನ್ನ ಹಿಂದೆ ಅವಳನ್ನು ಕಂಡು ತಬ್ಬಿಬ್ಬಾದ. “ಓ, ಅಕ್ಕಾ, ಬನ್ನಿ ಬನ್ನಿ,” ಎಂದ. ಆ ‘ಬನ್ನಿ’ ಎರಡನೇ ಸಲಕ್ಕೆ ತೆಳುವಾಯಿತು. ಒಳಗೆ ಗೊಂಬೆಗಳನ್ನು ಅಂದವಾಗಿ ಜೋಡಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕಲಶ. ಕೆಳಗಿನ ಮೆಟ್ಟಿಲಲ್ಲಿ ಒಂದು ಬೇಸ್‌ಬಾಲ್ ಬ್ಯಾಟು, ಗ್ಲೋವು, ಕಂದು ಟೋಪಿಗಳ ಸಾಲು. ಬ್ಯಾಟಿಗೆ ಅರಿಶಿನ ಕುಂಕುಮ. ಟೀವಿಗೆ ಚೆಂಡುಹೂವಿನ ಹಾರ. ಕಿಟಕಿಯ ಪಕ್ಕದ ಕಂದು ಕುರ್ಚಿಯಲ್ಲಿ ಕಲ್ವರ್ ಸಿಟಿಯವನು ಕುಳಿತಿದ್ದ. ಗೆದ್ದ ಎರಡೂ ದಿನ ಅವನು ಕುಳಿತಿದ್ದು ಅಲ್ಲೇ ಅಂತೆ. ಆ ಜಾಗವೀಗ ಬದಲಾಗುವಂತಿಲ್ಲ ಅಂತೆ. ಮಗಳು ಅಡುಗೆಮನೆಯ ಬಾಗಿಲಲ್ಲಿ, ಗೋಡೆಗೆ ಒರಗಿ ನಿಂತಳು.

ನಾನು ಮಣೆಯ ಮೇಲೆ ಕುಳಿತು ದೀಪ ಹಚ್ಚಿ, ಆಚಮನ ಮಾಡಿ, ಸಂಕಲ್ಪಕ್ಕೆಂದು ಅಂಗೈಯಲ್ಲಿ ಅಕ್ಷತೆ ಹಿಡಿದು ಉದ್ಧರಣೆಯಿಂದ ನೀರು ಬಿಟ್ಟುಕೊಂಡೆ. ಯಜಮಾನ ಪಕ್ಕಕ್ಕೆ ಬಗ್ಗಿದ.

“ಅಂಕಲ್, ಸಂಕಲ್ಪದಲ್ಲಿ ಟೀಮಿನ ಹೆಸರೂ ಹೇಳ್ಬಿಡಿ. ಗೋತ್ರ ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ ಅಲ್ವಾ?”

ಹಿಂದೆ ಯಾರೋ ಕಿಸಕ್ಕೆಂದರು. ನಾನು ಅಂಗೈಯನ್ನೇ ನೋಡುತ್ತಿದ್ದೆ. ಅವನು ಅದನ್ನು ಬೇರೆ ರೀತಿಯಲ್ಲಿ ಅರ್ಥಮಾಡಿಕೊಂಡಿರಬೇಕು. ಅಡುಗೆಮನೆಯ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ನಿಜವಾಗಿಯೂ ಒಳ್ಳೆಯದನ್ನು ಮಾಡುತ್ತಿರುವವನಂತೆ ಹೇಳಿದ:

“ಒಂದು ಕೆಲಸ ಮಾಡೋಣ ಅಂಕಲ್. ಆ ಕಾಯೀನ ಮೊದಲು ಅಕ್ಕನಿಗೇ ಇಳಿ ತೆಗೆದು ಹೊರಗೆ ಒಡೆದುಬಿಡೋಣ. ಏನಾದ್ರೂ ದೋಷ ಇದ್ರೆ ಹೋಗುತ್ತೆ. ಆಮೇಲೆ ಅವರೂ ಆರಾಮಾಗಿ ಕೂತು ನೋಡ್ಲಿ. ಯಾರಿಗೂ ಬೇಜಾರಿರಲ್ಲ.”

ನನ್ನ ಅಂಗೈಯಲ್ಲಿ ನೀರಿತ್ತು. ಅನ್ಯಾಯ ನಡೆದಿತ್ತು. ಕೋಪವಂತೂ ಕಣ್ಣಿನವರೆಗೆ ಬಂದಿತ್ತು. ಹಳೆಯ ಕಥೆಗಳಲ್ಲಿ ಇಷ್ಟು ಕೂಡಿದಾಗ ಏನಾಗುತ್ತದೆಂದು ನಾನೇ ಇದೇ ಮನೆಯಲ್ಲಿ ನಕ್ಕು ಹೇಳಿದ್ದೆ. ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ದೇವಿಯ ಮುಖ ನೋಡಿದೆ. ಆ ನೀರನ್ನು ಮೆಲ್ಲಗೆ ತಟ್ಟೆಗೆ ಬಿಟ್ಟು, ಕೈ ಒರೆಸಿಕೊಂಡು ಎದ್ದೆ.

ಅವನನ್ನು ನಾನು ಯಾವತ್ತೂ ಬಹುವಚನದಲ್ಲಿಯೇ ಮಾತಾಡಿಸಿದವನು. ಅಂದು ಅದು ಬಿಟ್ಟುಹೋಯಿತು.

“ಇವಳ ಗಂಡ ಸತ್ತಾಗ ನೀನು ಫೋನಿನಲ್ಲಿ ಅತ್ತೆ. ಅವನ ಕುರ್ಚಿ ಎತ್ತಿಡಲ್ಲ ಅಂದೆ. ಇವತ್ತು ಆ ಕುರ್ಚಿಯಲ್ಲಿ ಕೂರೋಕೆ ಇವಳಿಗೆ ದೋಷ ಕಳೀಬೇಕಾ?”

“ಅಂಕಲ್, ತಪ್ಪು ತಿಳ್ಕೊಂಡ್ರಿ. ಎಲ್ಲ ತಮಾಷೆಗೆ…”

“ತಮಾಷೆ ಆಗಿದ್ರೆ ಇವಳೂ ನಗಬೇಕಿತ್ತು. ಇವಳು ನಿನ್ನೆ ಟೀವಿ ರಿಮ…”

“ಅಪ್ಪ, ಸಾಕು.”

ಮಗಳ ದನಿ ದೊಡ್ಡದಾಗಿರಲಿಲ್ಲ. ರಿಮೋಟಿನ ವಿಷಯವನ್ನು ಆ ಕೋಣೆಯಲ್ಲಿ ಹೇಳಿಸಿಕೊಳ್ಳಲು ಅವಳು ಸಿದ್ಧಳಿರಲಿಲ್ಲ, ಅದು ಅವಳದು. ಗೋಡೆಯನ್ನು ಬಿಟ್ಟು ನೇರ ಬಂದು ಕಂದು ಕುರ್ಚಿಯ ಮುಂದೆ ನಿಂತಳು.

“ಏಳಪ್ಪ,” ಎಂದಳು ಕಲ್ವರ್ ಸಿಟಿಯವನಿಗೆ.

“ಅಕ್ಕ, ಗೆದ್ದ ಎರಡೂ ದಿನ ನಾನು ಇದೇ ಸೀಟಲ್ಲಿ…”

“ಬುಧವಾರನೂ ಇದೇ ಸೀಟಲ್ಲಿ ಕೂತಿದ್ಯಾ?”

ಅವನು ಯಜಮಾನನ ಕಡೆ ನೋಡಿದ. ಆಮೇಲೆ ಎದ್ದ.

ನಾನು ಮತ್ತೆ ಮಣೆಯ ಮೇಲೆ ಕುಳಿತು ಪೂಜೆ ಮಾಡಿದೆ. ಇವರ ಮೇಲಿನ ಕೋಪಕ್ಕೆ ದೇವಿಯನ್ನು ಅರ್ಚನೆಯಿಲ್ಲದೆ ಇಡುವಷ್ಟು ನಾನು ಕೆಟ್ಟಿರಲಿಲ್ಲ. ಸಂಕಲ್ಪದಲ್ಲಿ ತಂಡದ ಹೆಸರಾಗಲಿ, ಗೆಲುವಾಗಲಿ ಬರಲಿಲ್ಲ. ಆಯುಧಗಳಿಗೆ ಹೂವಿಡುವಾಗ ಮಗಳ ಕಾರಿನ ಕೀಲಿಯನ್ನು ಕೇಳಿ ಪಡೆದು ಎಲ್ಲಕ್ಕಿಂತ ಮೊದಲು ಅದಕ್ಕೆ ಕುಂಕುಮ ಇಟ್ಟೆ. ಅವಳು ಗಂಡನನ್ನು ಆಸ್ಪತ್ರೆಗೆ ಕರೆದೊಯ್ದ ಕಾರು ಅದೇ. ಅವಳು ನೋಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಬೂದುಗುಂಬಳಕಾಯಿ ಕಾರಿನೊಳಗೇ ಉಳಿಯಿತು.

ಪಂದ್ಯ ಶುರುವಾಯಿತು. ಅಂದಿನ ಕೋಣೆಯಷ್ಟು ಬಿಗಿದ ಜಾಗದಲ್ಲಿ ನಾನು ಕುಳಿತದ್ದಿಲ್ಲ. ಬಿಸಿಬೇಳೆಬಾತ್ ಬಂತು, ತಟ್ಟೆಗಳಲ್ಲೇ ಆರಿತು. ಎರಡೂ ಕಡೆಯವರು ಚೆಂಡನ್ನು ಅದ್ಭುತವಾಗಿ ಎಸೆಯುತ್ತಿದ್ದರು. ಲಾಸ್ ಏಂಜಲೀಸಿನವನೊಬ್ಬ ಚೆಂಡನ್ನು ಬೇಲಿಯಾಚೆ ಹೊಡೆದ. ಬಹಳ ಹೊತ್ತಾದ ಮೇಲೆ ಇನ್ನೊಬ್ಬ ಹೊಡೆದ. ಪ್ರತಿ ಸಲವೂ ಯಾರಾದರೊಬ್ಬರ ಕಣ್ಣು ಕಿಟಕಿಯ ಕಡೆಗೆ ಹೋಗಿ, ಅಲ್ಲಿ ನನ್ನ ಕಣ್ಣನ್ನು ಕಂಡು, ಹಿಂದಿರುಗುತ್ತಿತ್ತು. ಮಗಳು ಕಾಲು ಮಡಿಸಿ, ಮುಂದಕ್ಕೆ ಬಾಗಿ, ಎರಡು ಕೈಗಳನ್ನೂ ಬಿಗಿದುಕೊಂಡು ನೋಡುತ್ತಿದ್ದಳು. ಒಂದು ಚೆಂಡನ್ನೂ ಬಿಡಲಿಲ್ಲ. ನಮ್ಮವರು ಅಂದೂ ಒಂದು ರನ್ನೂ ಹೊಡೆಯಲಿಲ್ಲ. ಸೋತರು.

ಯಜಮಾನ ಟೀವಿಯ ಸದ್ದು ತೆಗೆದ. ಹಾರ ಹಾಕಿದ ಪರದೆಯ ಮೇಲೆ ನೀಲಿ ಅಂಗಿಯವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿಯುತ್ತಿದ್ದರು. ಗುಂಪಿನಲ್ಲಿ ಒಬ್ಬ, ಅವನ ಹೆಸರಾಗಲಿ ಕೆಲಸವಾಗಲಿ ನೆನಪಿಡುವಷ್ಟು ಯೋಗ್ಯತೆ ಅವನಿಗಿಲ್ಲ, ಬಾಯಲ್ಲೇ ಗೊಣಗಿದ: “ಅದಕ್ಕೇ ಹೇಳಿದ್ದು.”

ನಾನು ಏಳುವಷ್ಟರಲ್ಲಿ ಮಗಳು ಮಾತಾಡಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಅದು ಸೋಲಿಗೆ. ದನಿ ಒಣಗಿತ್ತು.

“ಬುಧವಾರ ಒಂದು ರನ್ ಇಲ್ಲ, ಇವತ್ತು ಒಂದು ರನ್ ಇಲ್ಲ. ಬದಲಾಯಿಸ್ಬೇಕಿದ್ದಿದ್ದು ಬ್ಯಾಟಿಂಗ್ ಆರ್ಡರು. ನೀವು ನನ್ನನ್ನ ಬದಲಾಯಿಸ್ತಾ ಕೂತ್ರಿ.”

ಅವಳು ಎದ್ದು, ಕುರ್ಚಿಯ ಒರಗನ್ನು ನೇರಮಾಡಿ, ಗೊಂಬೆಗೆ ಕೈಮುಗಿದು ಹೊರಗೆ ಬಂದಳು.

ಕಾರಿನ ಹತ್ತಿರ ಮನೆಯಾಕೆ ಓಡಿ ಬಂದಳು. ಕ್ಷಮೆ ಕೇಳುತ್ತಾಳೆಂದುಕೊಂಡೆ. ಕೇಳುವ ಮನಸ್ಸು ಅವಳಿಗಿತ್ತೆಂದು ಈಗಲೂ ನಂಬುತ್ತೇನೆ. ಮಗಳ ಕೈ ಹಿಡಿದುಕೊಂಡಳು. ಆಮೇಲೆ ಹಿಂದಿನ ಸೀಟಿನ ಕಡೆ ನೋಡಿ, “ಕಾಕಾರ, ಆ ಕಾಯಿ ಇಲ್ಲೇ ಬಿಟ್ಟ ಹೋಗ್ರಿ. ತಂದದ್ದ ಒಡೀಲಿಲ್ಲಂದ್ರ ಛಲೋ ಅಲ್ಲ ಅಂತಾರ,” ಎಂದಳು.

“ಅದು ನಮ್ಮ ಮನೆಯ ಹುಳಿಗೆ,” ಎಂದು ನಾನು ಬಾಗಿಲು ಹಾಕಿಕೊಂಡೆ.

ಮರುದಿನ ವಿಜಯದಶಮಿ. ಭಾನುವಾರ ಮಗಳು ಆ ಕಾಯಿಯನ್ನು ಹೆಚ್ಚಿ ಮಜ್ಜಿಗೆಹುಳಿ ಮಾಡಿದಳು. ಕಾಯಿ ದೊಡ್ಡದು, ಪಕ್ಕದ ಮನೆಯ ನೀಲಿ ಟೋಪಿಯವರಿಗೂ ಒಂದು ಡಬ್ಬಿ ಹೋಯಿತು. ಮುಂದಿನ ಸುತ್ತಿನಲ್ಲಿ ಲಾಸ್ ಏಂಜಲೀಸ್ ತಂಡದ ಪಂದ್ಯ ಅಂದೇ ಶುರುವಾಗುವುದಿತ್ತು. ಅವಳು ತಟ್ಟೆಗೆ ಅನ್ನ ಹುಳಿ ಹಾಕಿಕೊಂಡು, ಚಮಚ ತೆಗೆಯಲು ಡ್ರಾಯರ್ ಎಳೆದು, ಚಮಚದ ಜೊತೆಗೆ ರಿಮೋಟನ್ನೂ ತೆಗೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು.

“ಇವರ ಮ್ಯಾಚ್ ನಾವ್ಯಾಕಮ್ಮ ನೋಡ್ಬೇಕು?” ಎಂದೆ.

“ನಾನು ನೋಡಿದೋರು ಸೋಲ್ತಾರಂತಲ್ಲ ಅಪ್ಪ. ಇವರನ್ನೇ ನೋಡ್ತೀನಿ. ಮೊದಲಿಂದ ಕೊನೇತನಕ.”

ಅಂದು ಅವರು ಗೆದ್ದರು. ಅವಳು ಹಟ ಹಿಡಿದು ಮುಂದಿನದನ್ನೂ ನೋಡಿದಳು, ಅದರ ಮುಂದಿನದನ್ನೂ ನೋಡಿದಳು. ಲ್ಯಾಬಿನಲ್ಲಿದ್ದಾಗ ಫೋನಿನಲ್ಲಿ ನೋಡಿದಳು. ಅವರು ಸುತ್ತಿನ ಮೇಲೆ ಸುತ್ತು ಗೆಲ್ಲುತ್ತಲೇ ಹೋಗಿ ಆ ವರ್ಷದ ಕಪ್ಪನ್ನೇ ಎತ್ತಿದರು. ಕೊನೆಯ ಚೆಂಡು ಬಿದ್ದಾಗ ಅವಳು ಸೋಫಾದ ಮೇಲೆ ಹಿಂದಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಳಿಯ ಹೋದ ಮೇಲೆ ನಾನು ಕೇಳಿದ ಮೊದಲ ಮನಬಿಚ್ಚಿದ ನಗು ಅದು ಎನ್ನಬೇಕು. ರಿಮೋಟು ಈಗ ಸೋಫಾದ ಮೇಲೆ, ಅದು ಇರಬೇಕಾದಲ್ಲಿ ಇರುತ್ತದೆ.

ನಾನು ನಗಲಿಲ್ಲ. ಆ ಮನೆಯಿಂದ ಪ್ರತಿ ನವರಾತ್ರಿಗೂ ನನಗೆ ಆಹ್ವಾನ ಬರುತ್ತದೆ, ಪೂಜೆ ಮಾಡಿಸಿಕೊಡಿ ಎಂದು. ನಾನು ಹೋಗುವುದಿಲ್ಲ. ಮಗಳು ಹೋಗುತ್ತಾಳೆ, ಮನಸ್ಸು ಬಂದಾಗ, ಆ ಕುರ್ಚಿಯಲ್ಲಿ ಕೂರುವುದಕ್ಕೆ. ಅವಳು ನೋಡಿದ ತಂಡವೇ ಕಪ್ ಗೆದ್ದ ಸಂಗತಿಯನ್ನು ಆ ಗುಂಪಿನವರಿಗೆ ಅವಳೇ ಹೇಳಿದಳಂತೆ. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವಂತೆ.